ಬಣ್ಣ ಕೆರೆದ ಮೇಲೆ ದುಡ್ಡಿನ ಮಾತು

ದಾವಣಗೆರೆ

ಚಿರಂಜೀವಿ ಅಳಿಯನಿಗೆ ಸೋದರಮಾವನ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ.

ನಿನ್ನ ಕಾಗದ ತಲುಪಿತು. ನಿನ್ನ ಅಪ್ಪನ ಜಾವಾ ಮೋಟಾರ್ ಸೈಕಲ್ಲನ್ನು ಹುಲ್ಲಿನ ಬಣವೆಯ ಹಿಂದಿನಿಂದ ಎಳೆದು ಚಿತ್ರದುರ್ಗಕ್ಕೆ ಒಯ್ದು ಮತ್ತೆ ಗುಡುಗುಡು ಎನ್ನಿಸಿದ್ದೀಯಲ್ಲ, ಅದಕ್ಕೆ ಮೊದಲು ಶಹಬ್ಬಾಸ್. ಈಗ ದೀಪ ಮಿಣುಕುತ್ತದೆ, ಹಾರ್ನ್ ಮೇಕೆಮರಿಯಂತೆ ನರಳುತ್ತದೆ, ಬ್ಯಾಟರಿ ಎರಡು ದಿನ ನಿಲ್ಲುವುದಿಲ್ಲ, ಆದ್ದರಿಂದ 6 ವೋಲ್ಟಿನ ವೈರಿಂಗನ್ನೆಲ್ಲ ಕಿತ್ತು 12 ವೋಲ್ಟಿಗೆ ಬದಲಾಯಿಸಲು ದುಡ್ಡು ಕಳಿಸು ಎಂದಿದ್ದೀಯ. ಸದ್ಯಕ್ಕೆ ಕಳಿಸುವುದಿಲ್ಲ. ಕೋಪ ಬೇಡ, ಪೂರ್ತಿ ಓದು.

ಫ್ರೇಮಿಗೆ ದಪ್ಪನೆಯ ಹೊಸ ಬಣ್ಣ ಹೊಡೆಸಿದ್ದೇನೆ ಎಂದು ಹೆಮ್ಮೆಯಿಂದ ಬರೆದಿದ್ದೀಯ. ನನಗೆ ಅನುಮಾನ ಬಂದದ್ದೇ ಆ ಸಾಲಿನಲ್ಲಿ. ಮಿಲ್ಲಿಗೆ ಸೇರಿದ ಹೊಸತರಲ್ಲಿ ನಾನೂ ಒಂದು ಗಾಡಿಗೆ ಬಣ್ಣ ಹೊಡೆಸಿ ಇದೇ ಫಜೀತಿ ಅನುಭವಿಸಿದ್ದೆ. ಬ್ಯಾಟರಿ ಬದಲಾಯಿಸಿದೆ, ಚಾರ್ಜಿಂಗನ್ನು ಹದದಲ್ಲಿಡುವ ರೆಗ್ಯುಲೇಟರ್ ಬದಲಾಯಿಸಿದೆ, ಸಂಬಳ ಕರಗಿತು, ದೀಪ ಮಾತ್ರ ಮಿಣಿಮಿಣಿ. ಕೊನೆಗೆ ನಮ್ಮ ವಿಭಾಗದ ಹಿರಿಯ ವೈರ್‌ಮನ್ ಒಬ್ಬರು ಒಂದು ಮೊಳ ವೈರಿನ ಒಂದು ತುದಿಯನ್ನು ಬ್ಯಾಟರಿಯ ಅರ್ಥಿಂಗ್ ಕಡ್ಡಿಗೂ (ಫ್ರೇಮಿಗೆ ಜೋಡಿಸಿದ ಕಡ್ಡಿ) ಇನ್ನೊಂದನ್ನು ದೀಪದ ಬುರುಡೆಗೂ (ಬಲ್ಬನ್ನು ಹೊತ್ತ ಲೋಹದ ಚಿಪ್ಪು) ಒತ್ತಿ ಹಿಡಿದರು. ದೀಪ ಝಗ್ಗನೆ ಹೊತ್ತಿತು. ದೀಪದ ಕರೆಂಟು ಫ್ರೇಮಿನ ಲೋಹದ ಮೂಲಕವೇ ಬ್ಯಾಟರಿಗೆ ಹಿಂದಿರುಗಬೇಕು, ಬೋಲ್ಟಿನ ಕೆಳಗಿದ್ದ ಬಣ್ಣವೇ ಆ ದಾರಿಗೆ ಅಡ್ಡ ನಿಂತಿತ್ತು. ಅವರು ನಗಲೂ ಇಲ್ಲ, ಬೈಯಲೂ ಇಲ್ಲ. ಅದೇ ಹೆಚ್ಚು ನಾಚಿಕೆಯಾದದ್ದು.

6 ವೋಲ್ಟಿನ ಗಾಡಿಗೆ ಇದು ಏಕೆ ಇಷ್ಟು ತಟ್ಟುತ್ತದೆ ಎಂದರೆ, 35 ವ್ಯಾಟಿನ ಬಲ್ಬು 12 ವೋಲ್ಟಿನಲ್ಲಿ ಎಳೆಯುವುದು ಸುಮಾರು 3 ಆಂಪಿಯರ್, 6 ವೋಲ್ಟಿನಲ್ಲಿ ಅದರ ಎರಡರಷ್ಟು. ಕರೆಂಟು ಹೆಚ್ಚಾದಷ್ಟೂ ಸಡಿಲ ಜಾಯಿಂಟಿನಲ್ಲಿ ವೋಲ್ಟೇಜು ಹೆಚ್ಚು ಸೋರುತ್ತದೆ. ಅರ್ಧ ವೋಲ್ಟು ಹೋದರೆ 12ರಲ್ಲಿ ಗೊತ್ತೇ ಆಗದಿರಬಹುದು, 6ರಲ್ಲಿ ಅದು ಹನ್ನೆರಡರಲ್ಲಿ ಒಂದು ಪಾಲು. ಮೇಲಾಗಿ ಬಲ್ಬಿಗೆ ವೋಲ್ಟೇಜು ಹತ್ತರಲ್ಲಿ ಒಂದು ಪಾಲು ತಗ್ಗಿದರೆ ಬೆಳಕು ಮೂರರಲ್ಲಿ ಒಂದು ಪಾಲಿನಷ್ಟು ತಗ್ಗುತ್ತದೆ. ನೀನು 12 ವೋಲ್ಟಿಗೆ ಹೋದರೆ ರೋಗ ಮರೆಯಾಗುತ್ತದೆ, ವಾಸಿಯಾಗುವುದಿಲ್ಲ.

ಆದ್ದರಿಂದ ಬ್ಯಾಟರಿಯನ್ನು ಹೊರಗೆ ತೆಗೆದು ಪೂರ್ತಿ ಚಾರ್ಜ್ ಮಾಡಿಸು. ಒಂದು ರಾತ್ರಿ ಸುಮ್ಮನಿಟ್ಟ ಮೇಲೂ 6.3 ವೋಲ್ಟಿನ ಆಸುಪಾಸು ತೋರಿಸದಿದ್ದರೆ ಮುಂದಿನದೆಲ್ಲ ವ್ಯರ್ಥ, ಬ್ಯಾಟರಿಯೇ ಹೋಗಿದೆ. ಸರಿಯಿದ್ದರೆ ಗಾಡಿಗೆ ಜೋಡಿಸಿ ದೀಪ ಹಚ್ಚು. ಮಲ್ಟಿಮೀಟರಿನ ಒಂದು ಕಡ್ಡಿ ಬ್ಯಾಟರಿಯ ಅರ್ಥಿಂಗ್ ಕಡ್ಡಿಯ ಮೇಲಿರಲಿ, ಇನ್ನೊಂದನ್ನು ಎಂಜಿನ್ನಿಗೆ, ಫ್ರೇಮಿಗೆ, ದೀಪದ ಬುರುಡೆಗೆ ಒಂದೊಂದಾಗಿ ಮುಟ್ಟಿಸು. ಎಲ್ಲ ಕಡೆ ಸೊನ್ನೆಯ ಹತ್ತಿರ ಇರಬೇಕು. ಎಲ್ಲಿ ಅರ್ಧ ವೋಲ್ಟು ಕಂಡಿತೋ ಅಲ್ಲಿ ಬೋಲ್ಟು ಬಿಚ್ಚಿ, ಲೋಹ ಹೊಳೆಯುವವರೆಗೆ ಬಣ್ಣ ಕೆರೆ. ಕರುಳು ಚುರ್ ಎನ್ನುತ್ತದೆ, ಆದರೂ ಕೆರೆ. ಹಳೆಯ ಗಾಡಿಗಳಲ್ಲಿ ದೀಪದ ಕರೆಂಟು ಹ್ಯಾಂಡಲ್ ತಿರುಗುವ ಬೇರಿಂಗಿನ ಮೂಲಕ ಹಿಂದಿರುಗುವುದೂ ಉಂಟು. ನೀನು ಅಲ್ಲಿ ಹೊಸ ಗ್ರೀಸ್ ಬೇರೆ ತುಂಬಿದ್ದೀಯ. ಬುರುಡೆಯಿಂದ ನೇರವಾಗಿ ಒಂದು ಅರ್ಥಿಂಗ್ ವೈರು ಎಳೆದುಬಿಡು.

ಚಾರ್ಜಿಂಗಿನ ವಿಚಾರ ಆಮೇಲೆ. ಎಂಜಿನ್ ವೇಗ ಹಿಡಿದಾಗ ಚಾರ್ಜಿಂಗಿನ ಕೆಂಪು ದೀಪ ಆರಬೇಕು, ಬ್ಯಾಟರಿಯ ಮೇಲೆ ವೋಲ್ಟೇಜು 7ರ ಕಡೆಗೆ ಏರಬೇಕು. ಏರದಿದ್ದರೆ ಕರೆಂಟು ಹುಟ್ಟಿಸುವ ಡೈನಮೋದ ಕಾರ್ಬನ್ ಬ್ರಷ್ ಸವೆದಿದೆಯೇ, ಅಂಟಿಕೊಂಡಿದೆಯೇ ನೋಡು. ಮಿಲ್ಲಿನ ಮೋಟಾರುಗಳಲ್ಲಿ ನನ್ನ ಅರ್ಧ ಆಯುಷ್ಯ ಆ ಕಪ್ಪು ಪುಡಿ ಒರೆಸುವುದರಲ್ಲೇ ಕಳೆಯಿತು. ನಿಂತ ಗಾಡಿಯಲ್ಲೇ ಬ್ಯಾಟರಿ ಇಳಿಯುತ್ತಿದ್ದರೆ ಎಂಜಿನ್ ನಿಂತಾಗ ಡೈನಮೋವನ್ನು ಬ್ಯಾಟರಿಯಿಂದ ಬಿಡಿಸುವ ರೆಗ್ಯುಲೇಟರಿನ ಕಟೌಟ್ ಪಾಯಿಂಟು ಅಂಟಿಕೊಂಡು ಕರೆಂಟು ಡೈನಮೋದೊಳಕ್ಕೆ ಹಿಂದಿರುಗಿ ಹರಿಯುತ್ತಿರಬಹುದು. ಅದರ ತಿರುಪುಗಳನ್ನು ಮಾತ್ರ ಮುಟ್ಟಬೇಡ. ಫ್ಯೂಸ್ ಸುಡುತ್ತಿದ್ದರೆ ದಪ್ಪ ತಂತಿ ಸುತ್ತುವ ಬುದ್ಧಿವಂತಿಕೆ ಖಂಡಿತ ಬೇಡ, ಗಾಡಿಯೇ ಹೊತ್ತಿ ಉರಿದೀತು. ಫ್ಯೂಸಿನ ಜಾಗದಲ್ಲಿ ಒಂದು ಬಲ್ಬು ಸಿಕ್ಕಿಸಿ, ವೈರುಗಳನ್ನು ಒಂದೊಂದಾಗಿ ಬಿಚ್ಚುತ್ತಾ ಹೋಗು. ಯಾವುದನ್ನು ಬಿಚ್ಚಿದಾಗ ಬಲ್ಬು ಮಂಕಾಗುತ್ತದೋ ಅದರಲ್ಲೇ ಶಾರ್ಟ್ ಇದೆ.

ಒಂದು ಬಾರಿಗೆ ಒಂದನ್ನೇ ಬದಲಾಯಿಸು. ಹಳೆಯ ಡೈನಮೋ, ರೆಗ್ಯುಲೇಟರ್ ಯಾವುದನ್ನೂ ಗುಜರಿಗೆ ಹಾಕಬೇಡ. 1961ರಿಂದ ಗಾಡಿ ತಯಾರಿಸಿದ ಮೈಸೂರಿನ ಕಾರ್ಖಾನೆ 1996ರಲ್ಲೇ ಬಾಗಿಲು ಮುಚ್ಚಿತು. ಹಾಗೆಯೇ ರಾತ್ರಿ ಚಕ್ರಕ್ಕೊಂದು ಸರಪಳಿ ಬಿಗಿ. ಈ ಗಾಡಿಯ ಕೀಲಿ ಎಂಬುದು ಬರೀ ಕಡ್ಡಿ, ಅಪ್ಪ ಕೀಲಿ ಕಳೆದ ದಿನ ಮೊಳೆ ಚುಚ್ಚಿಕೊಂಡೇ ಸಂತೆಗೆ ಹೋಗಿ ಬಂದಿದ್ದರು.

ಎಂಜಿನ್, ಫ್ರೇಮ್, ದೀಪದ ಬುರುಡೆ, ಈ ಮೂರು ಕಡೆಯ ಅಳತೆಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಭಾನುವಾರ ಬಸ್ಸಿನಲ್ಲಿ ಬಾ. ಕೆರೆದ ಮೇಲಿನ ಅಳತೆಯೂ ಇರಲಿ. ಬೆಳಿಗ್ಗೆ ಬೇಗ ಹೊರಟರೆ ಬೆಣ್ಣೆದೋಸೆಗೆ ಸಿಗುತ್ತೀಯ, ದುಡ್ಡಿನ ಮಾತನ್ನು ಅಲ್ಲೇ ಆಡೋಣ.

ಇಂತಿ ನಿನ್ನ ಮಾವ