ಹೈಡ್ರಾಕ್ಸಿಅಪಟೈಟ್ ಪುಡಿಯ ದರ, ಪ್ಯಾಕಿಂಗ್ ಬದಲಾವಣೆ ಕುರಿತು

ಆತ್ಮೀಯ ಗ್ರಾಹಕರೇ,

ಮುಂದಿನ ತಿಂಗಳ 1ನೇ ತಾರೀಕಿನಿಂದ ಕಪ್ಪೆಚಿಪ್ಪಿನಿಂದ ಮಾಡುವ ನಮ್ಮ ಹೈಡ್ರಾಕ್ಸಿಅಪಟೈಟ್ (ಮೂಳೆ, ಹಲ್ಲುಗಳಲ್ಲಿರುವಂಥ ಕ್ಯಾಲ್ಸಿಯಂ ಫಾಸ್ಫೇಟ್ ಖನಿಜ) ಪುಡಿಯ ದರ ಶೇ. 18ರಷ್ಟು ಏರುತ್ತದೆ. ಕೆಜಿ ಚೀಲ ನಿಲ್ಲಿಸಿ 250 ಗ್ರಾಂ ಸೀಲ್ ಡಬ್ಬಿಯಲ್ಲೇ ಕೊಡುತ್ತೇವೆ, ಜೊತೆಗೆ ಆ ಬ್ಯಾಚಿನ ಎಕ್ಸ್‌ಆರ್‌ಡಿ ವರದಿ (ಪುಡಿಯಲ್ಲಿ ಯಾವ ಯಾವ ಖನಿಜವಿದೆ ಎಂದು ಎಕ್ಸ್-ರೇ ಹಾಯಿಸಿ ನೋಡಿದ್ದು) ಇರುತ್ತದೆ. ಈಗಾಗಲೇ ಬಂದಿರುವ ಆರ್ಡರುಗಳಿಗೆ ಹಳೇ ದರವೇ.

ದರದ ಮಾತೆತ್ತಿದರೆ ಸಾಕು, ಫೋನಿನಲ್ಲಿ ಒಂದೇ ಪ್ರಶ್ನೆ: “ಸಮುದ್ರದ ಕಸಕ್ಕೂ ಇಷ್ಟು ಕಾಸಾ ಸ್ವಾಮಿ?” ಈ ಸಲ ಬಿಡಿಸಿ ಹೇಳಿಬಿಡುತ್ತೇವೆ.

ಕಪ್ಪೆಚಿಪ್ಪು ಪುಕ್ಕಟೆಯೇ, ಒಪ್ಪಿದೆವು. ಆದರೆ ಅದು ಮಂಗಳೂರಿನ ಹೋಟೆಲುಗಳ ಹಿತ್ತಲಲ್ಲಿ ಪುಕ್ಕಟೆ, ನಾವಿರುವ ವಸಂತನರಸಾಪುರದಲ್ಲಲ್ಲ. ಶಿರಾಡಿ ಘಾಟಿ ಹತ್ತಿ ಬರುವ ಲಾರಿಗೆ ಒಳಗಿರುವುದು ಕಸವೋ ಮುತ್ತೋ, ಬಾಡಿಗೆ ಒಂದೇ. ಇಳಿಸಿದ ಮೇಲೆ ಕುದಿಯುವ ನೀರಿಗೆ ಹಾಕಿ, ಕೀಲಿನ ಸಂದಿಯಲ್ಲಿ ಅಂಟಿದ ಮಾಂಸದ ಎಳೆಯನ್ನು ನಮ್ಮ ಹೆಣ್ಣುಮಕ್ಕಳು ಬ್ರಷ್ ಹಿಡಿದು ಒಂದೊಂದೇ ಚಿಪ್ಪಿನಿಂದ ಉಜ್ಜಿ ತೆಗೆಯಬೇಕು. (ಆ ವಾಸನೆ ಊಟದ ಡಬ್ಬಿಯವರೆಗೂ ಬರುತ್ತದೆ. ಅದಕ್ಕೆ ನಾವು ಬಿಲ್ ಹಾಕಿಲ್ಲ.) ಆಮೇಲೆ 900 ಡಿಗ್ರಿಯಲ್ಲಿ ಸುಟ್ಟರೆ 100 ಕೆಜಿಗೆ 56 ಕೆಜಿ ಸುಣ್ಣ ಸಿಕ್ಕರೆ ಹೆಚ್ಚು. ಮಿಕ್ಕಿದ್ದು ಇಂಗಾಲದ ಡೈಆಕ್ಸೈಡ್ ಆಗಿ ಗಾಳಿಗೆ. ಅದರ ಪಾಲಿನ ಬಾಡಿಗೆಯನ್ನು ಲಾರಿಯವರು ವಾಪಸ್ ಕೊಡುವುದಿಲ್ಲ. ಆ 56 ಕೆಜಿ ಸುಣ್ಣವನ್ನು ನಮ್ಮ ಪುಡಿಯಾಗಿಸಲು, ಶುದ್ಧ ಆಸಿಡ್ ಲೆಕ್ಕದಲ್ಲಿ, ಹತ್ತಿರಹತ್ತಿರ 59 ಕೆಜಿ ಫಾಸ್ಫಾರಿಕ್ ಆಸಿಡ್ ಬೇಕು. ಅದು ಯಾವ ಹಿತ್ತಲಲ್ಲೂ ಬಿದ್ದಿರುವುದಿಲ್ಲ. ಕರೆಂಟಿನ ಬಿಲ್ಲಿನ ಮಾತು ಬೇಡ, ನಿಮ್ಮ ಮನೆಗೂ ಬರುತ್ತದೆ.

ಇನ್ನು ನಮ್ಮ ತಪ್ಪು. ಕಳೆದ ಮಳೆಗಾಲದಲ್ಲಿ ಸುಟ್ಟ ಸುಣ್ಣದ ಟ್ರೇ ಒಂದು ರಾತ್ರಿ ಮುಚ್ಚದೆ ಉಳಿದು ತೇವ ಎಳೆದುಕೊಂಡಿತು. ಬೆಳಗ್ಗೆ ತಕ್ಕಡಿಯಲ್ಲಿ ತೂಕ ಸರಿಯಿತ್ತು, ಆದರೆ ಅದರಲ್ಲೊಂದಿಷ್ಟು ನೀರು. ಕ್ಯಾಲ್ಸಿಯಂ ಕಡಿಮೆಯಾಗಿ, ರಂಜಕದೊಂದಿಗಿನ ಅನುಪಾತ (ಪರಮಾಣುಗಳ ಲೆಕ್ಕದಲ್ಲಿ) ಇರಬೇಕಾದ 1.67ರಿಂದ ಕೆಳಗಿಳಿದು, ಕಾಯಿಸಿದಾಗ ಬೀಟಾ ಟ್ರೈಕ್ಯಾಲ್ಸಿಯಂ ಫಾಸ್ಫೇಟ್ ಎಂಬ ಬೇರೆಯೇ ಖನಿಜ ಬೆರೆತುಹೋಯಿತು. ಅದು ಬೇಗ ಕರಗುವ ಜಾತಿ. ಪುಡಿ ಎಷ್ಟು ನಿಧಾನ ಕರಗುತ್ತದೆಂದು ನೋಡುತ್ತಿದ್ದ ಒಂದು ಲ್ಯಾಬಿನವರ ಮೂರು ವಾರದ ಕೆಲಸ ಹಾಳಾಯಿತು. ಕಂಡುಹಿಡಿದವರೂ ಅವರೇ, ನಾವಲ್ಲ. ನಾಚಿಕೆ ಅದಕ್ಕೇ ಹೆಚ್ಚು. ದಯವಿಟ್ಟು ಕ್ಷಮಿಸಿ. ಆ ಬ್ಯಾಚು ಯಾರ ಬಳಿ ಉಳಿದಿದ್ದರೂ ಕಳಿಸಿ, ತೆರೆದ ಚೀಲವಾದರೂ ಬದಲಿಸಿಕೊಡುತ್ತೇವೆ.

ಅಂದಿನಿಂದ ಪ್ರತಿ ಬ್ಯಾಚನ್ನೂ ಬೆಂಗಳೂರಿಗೆ ಪರೀಕ್ಷೆಗೆ ಕಳಿಸುತ್ತಿದ್ದೇವೆ. ಏರಿಕೆಯ ದೊಡ್ಡ ಪಾಲು ಅದರದ್ದೇ. “ನಿಮ್ಮ ತಪ್ಪಿಗೆ ನಾವೇಕೆ ತೆರಬೇಕು?” ಎಂದರೆ ನಮ್ಮ ಬಳಿ ಒಳ್ಳೆಯ ಉತ್ತರವಿಲ್ಲ. ಆ ಖರ್ಚಿನ ಅರ್ಧ ನಾವು ಹೊತ್ತಿದ್ದೇವೆ, ಪೂರ್ತಿ ಹೊರುವ ಶಕ್ತಿಯಿಲ್ಲ.

ಎಂದಿನಂತೆ ಇದು ಸಂಶೋಧನೆಗೆ ಮಾತ್ರ. ರೋಗಿಗಳಿಗೆ ಬಳಸುವ ಪುಡಿಗೆ ಬೇರೆಯೇ ಲೈಸೆನ್ಸ್ ಬೇಕು.

ಎಂ.ಎಸ್ಸಿ. ಪ್ರಾಜೆಕ್ಟಿನ ಮಕ್ಕಳಿಗೆ ಒಂದು ಡಬ್ಬಿ ಹಳೇ ದರದಲ್ಲೇ. ಗೈಡ್ ಸಹಿ ಮಾಡಿದ ಪತ್ರ ಕಳಿಸಿದರೆ ಸಾಕು.

ಇಂತಿ,
ಮಾಲೀಕರು ಮತ್ತು ಸಿಬ್ಬಂದಿ
ವಸಂತನರಸಾಪುರ, ತುಮಕೂರು