26 ಗಂಟೆ ಕರೆಂಟಿಲ್ಲದೆ ನಿಂತ ನಮ್ಮ ಬೊಂಡಾಸ್ (ಸ್ಕ್ವಿಡ್) ಕಂಟೇನರ್ ಬಗ್ಗೆ ದೂರು

ಕಸ್ಟಮರ್ ಸರ್ವಿಸ್ ಮ್ಯಾನೇಜರ್ ಅವರಿಗೆ,

ನಮಸ್ಕಾರ ಸರ್. ಇದು ನಾನು ಕಳಿಸುವ ಮೂರನೇ ಮೇಲ್. ಮೊದಲಿನ ಎರಡಕ್ಕೂ "ನಿಮ್ಮ ದೂರು ಪರಿಶೀಲನೆಯಲ್ಲಿದೆ" ಅಂತ ಒಂದೇ ಸಾಲು ಬಂದದ್ದು, ಈಗ ಅದರ ಮೇಲೆ ಎಕ್ಸ್‌ಟ್ರಾ ಜೆನ್‌ಸೆಟ್ (ಕಂಟೇನರಿಗೆ ಕರೆಂಟ್ ಕೊಡುವ ಜನರೇಟರ್), ಹಾಲ್ಟಿಂಗ್ (ಗಾಡಿ ನಿಂತದ್ದರ ಚಾರ್ಜ್) ಅಂತ 38,500 ರುಪಾಯಿ ಬಿಲ್ ಬೇರೆ ಕಳಿಸಿದ್ದೀರಿ. ಅದು ನೋಡಿ ಹೊಟ್ಟೆ ಉರಿದು ಹೋಯ್ತು, ಹಾಗಾಗಿ ಶುರುವಿಂದ ಎಲ್ಲ ಬರಿತೇನೆ, ದಯವಿಟ್ಟು ಪೂರ್ತಿ ಓದಿ.

ಮೇ 14ಕ್ಕೆ ಬೈಕಂಪಾಡಿಯ ನಮ್ಮ ಪ್ಲಾಂಟಲ್ಲಿ 40 ಅಡಿಯ ರೀಫರ್ (ಮಾಲು ತಣ್ಣಗಿಡುವ ಕಂಟೇನರ್) ಲೋಡ್ ಆಯ್ತು. 20 ಕೆಜಿಯ 1,350 ಕಾರ್ಟನ್, ಒಟ್ಟು 27 ಟನ್ ಬೊಂಡಾಸ್, ಸ್ಪೇನಿಗೆ. ಡೋರ್ ಹಾಕುವಾಗ ಮಾಲು ಮೈನಸ್ 20 ಇತ್ತು, ನಿಮ್ಮ ಡ್ರೈವರ್ ಎದುರೇ ಫ್ರೀಜ್ ಆದ ಬೊಂಡಾಸಿನ ಬ್ಲಾಕಿಗೆ ಡ್ರಿಲ್ ಹಾಕಿ ಥರ್ಮಾಮೀಟರ್ ಇಟ್ಟು ತೋರಿಸಿದ್ದೇವೆ, ಅವರ ಸೈನ್ ಉಂಟು. ಕೊಚ್ಚಿಗೆ 400 ಕಿಲೋಮೀಟರ್ ಚಿಲ್ಲರೆ ದಾರಿ, ಮರುದಿನ ಮಧ್ಯಾಹ್ನದ ಒಳಗೆ ಪೋರ್ಟಲ್ಲಿ ಪ್ಲಗ್ ಆಗ್ಬೇಕಿತ್ತು.

ರಾತ್ರಿ 10.40ಕ್ಕೆ ಕಾಸರಗೋಡು ಜಿಲ್ಲೆಯ ಕಾಞಂಗಾಡ್ ಹತ್ರ ಜೆನ್‌ಸೆಟ್ ಬಂದ್. ಬೇರೆ ಜೆನ್‌ಸೆಟ್ ಬಂದು ಮೆಷಿನ್ ಸ್ಟಾರ್ಟ್ ಆದದ್ದು 16ನೇ ತಾರೀಕು ರಾತ್ರಿ 1 ಗಂಟೆ ಹತ್ರ. ಅಂದ್ರೆ 26 ಗಂಟೆ, ಮೇ ತಿಂಗಳ ಬಿಸಿಲಲ್ಲಿ, ರೋಡ್ ಬದಿಯಲ್ಲಿ.

ಜೆನ್‌ಸೆಟ್ ಕೈಕೊಟ್ಟದ್ದಕ್ಕೆ ನನಗೆ ಸಿಟ್ಟಿಲ್ಲ ಸರ್, ಮೆಷಿನ್ ಅಲ್ವಾ. ಆದ್ರೆ ಕಾಞಂಗಾಡಿಂದ ನಮ್ಮಲ್ಲಿಗೆ ರಾತ್ರಿ ಎಷ್ಟು ಹೊತ್ತು ಬೇಕು? ಒಂದು ಫೋನ್ ಮಾಡಿದ್ರೆ ಗಾಡಿ ವಾಪಸ್ ತಿರುಗಿಸಿ ಅಂತ ಹೇಳ್ತಿದ್ದೆವು, ಬೆಳಿಗ್ಗೆ ಆಗುವಷ್ಟರಲ್ಲಿ ಅಷ್ಟೂ ಮಾಲು ನಮ್ಮ ಕೋಲ್ಡ್ ಸ್ಟೋರೇಜಿನ ಒಳಗೆ ಇರ್ತಿತ್ತು, ಒಂದು ಕಾರ್ಟನೂ ಹಾಳಾಗ್ತಿರ್ಲಿಲ್ಲ. ಡ್ರೈವರ್ ಪಾಪ 11 ಗಂಟೆಗೇ ನಿಮ್ಮ ಆಫೀಸಿಗೆ ತಿಳಿಸಿದ್ದಾರೆ, ಅವರ ಮೇಲೆ ತಪ್ಪು ಹಾಕ್ಬೇಡಿ. ನಮಗೆ ಯಾರೂ ಹೇಳ್ಲಿಲ್ಲ. 15ಕ್ಕೆ ಮಧ್ಯಾಹ್ನ ನಾನೇ ಫೋನ್ ಮಾಡಿ ಕೇಳಿದಾಗಲೂ "ಟ್ರಾಫಿಕ್ ಉಂಟು, ಹೈವೇ ಕೆಲಸ ನಡಿತಾ ಉಂಟು, ಲೇಟಾಗ್ತದೆ" ಅಂತ ಹೇಳಿದ್ರು. ಆ ಸುಳ್ಳು ಯಾಕೆ ಹೇಳಿದ್ದು?

ಈಗ ನೀವು ಹೇಳುದು ಪೋರ್ಟ್ ಗೇಟಲ್ಲಿ ಡಿಸ್‌ಪ್ಲೇ ಮೈನಸ್ 18 ತೋರಿಸ್ತಿತ್ತು, ಹಾಗಾಗಿ ಮಾಲು ಸರಿ ಇತ್ತು ಅಂತ. ಸರ್, ಡಿಸ್‌ಪ್ಲೇ ತೋರಿಸುದು ಗಾಳಿಯ ಟೆಂಪರೇಚರ್. ರೀಫರ್ ಇರುದು ಫ್ರೀಜ್ ಆದ ಮಾಲನ್ನು ಹಾಗೇ ಉಳಿಸ್ಲಿಕ್ಕೆ, ಬಿಸಿಯಾದದ್ದನ್ನು ಪುನಃ ಫ್ರೀಜ್ ಮಾಡ್ಲಿಕ್ಕೆ ಅಲ್ಲ. ಗಾಳಿ ಕೆಲವು ಗಂಟೆಯಲ್ಲಿ ತಣ್ಣಗಾಗ್ತದೆ, ಕಾರ್ಟನ್ ಒಳಗಿನ ಬ್ಲಾಕ್ ಆಗುದಿಲ್ಲ. ಡೋರ್ ಹತ್ರದ ಮೇಲಿನ ಸಾಲಲ್ಲಿ ನಾವು ಇಟ್ಟ ಡಾಟಾ ಲಾಗರ್ (ಟೆಂಪರೇಚರ್ ದಾಖಲು ಮಾಡುವ ಸಾಧನ) ಮೈನಸ್ 3 ತೋರಿಸ್ತದೆ. ಯುರೋಪಿನ ನಿಯಮದಲ್ಲಿ ಮೈನಸ್ 18ರಿಂದ ಮೇಲೆ ಸ್ವಲ್ಪ ಹೊತ್ತಿಗೆ 3 ಡಿಗ್ರಿ ಮಾತ್ರ ಬಿಡುದು, ಇಲ್ಲಿ 15 ಡಿಗ್ರಿ ಏರಿದೆ.

ಸ್ಪೇನಿಂದ ಬಂದ ಫೋಟೋ ಮೇಲಿಗೆ ಹಾಕಿದ್ದೇನೆ, ನೋಡಿ. ಕಾರ್ಟನಿನ ತಳ ಒದ್ದೆಯಾಗಿ ಒಣಗಿದ ಕಲೆ, ಚೌಕ ಇರ್ಬೇಕಾದ ಬ್ಲಾಕ್ ನಡುವಲ್ಲಿ ಕುಸಿದು ಬಗ್ಗಿದೆ, ಪ್ಲಾಸ್ಟಿಕ್ ಒಳಗೆ ಬಿಳಿ ಮಂಜು, ಕೆಳಗೆ ನಸುಗೆಂಪು ನೀರು ಪುನಃ ಐಸ್ ಆಗಿ ಹಿಡಿದುಕೊಂಡಿದೆ. ದಕ್ಕೆಯ (ಮೀನುಗಾರಿಕಾ ಬಂದರಿನ) ಏಲಂನಲ್ಲಿ ನಸುಕಿಗೆ ನಿಂತು ಒಂದೊಂದು ಬುಟ್ಟಿ ನೋಡಿ ತಗೊಂಡ ಮಾಲು ಅದು, ನಮ್ಮ ಹೆಂಗಸರು ಐಸ್ ನೀರಲ್ಲಿ ಕೈ ಮರಗಟ್ಟಿಸಿಕೊಂಡು ಕ್ಲೀನ್ ಮಾಡಿದ್ದು. ನಡುವಿನ ಮಾಲು ಚೆನ್ನಾಗಿತ್ತು, ಅದನ್ನು ಇಲ್ಲ ಅಂತ ನಾನು ಹೇಳುದಿಲ್ಲ. ಡೋರ್ ಬದಿ ಮತ್ತು ಮೇಲಿನ ಸಾಲಿನ 310 ಕಾರ್ಟನ್ ರಿಜೆಕ್ಟ್ ಆಗಿದೆ.

ನಿಮ್ಮ ಆಪರೇಷನ್ಸಿನವರು ಫೋನಲ್ಲಿ, ನಾವು ಎಮ್ಮೆ ಮಾಂಸದ ಎಕ್ಸ್‌ಪೋರ್ಟ್ ಕಂಟೇನರೂ ಸಾಗಿಸ್ತೇವೆ, ಅದರಲ್ಲೂ ಹೀಗೆ ಆಗುದುಂಟು, ಯಾರೂ ಇಷ್ಟು ದೊಡ್ಡದು ಮಾಡುದಿಲ್ಲ ಅಂದ್ರು. ಆ ಮಾಂಸವೂ ಮೈನಸ್ 18ರಲ್ಲೇ ಹೋಗ್ಬೇಕಾದದ್ದು ಸರ್. ಅವರದ್ದೂ ಹಾಳಾಗಿದ್ರೆ ಅದು ಇನ್ನೊಂದು ತಪ್ಪು, ನಮಗೆ ಉತ್ತರ ಅಲ್ಲ.

ರಿಜೆಕ್ಟ್ ಆದದ್ದಕ್ಕೆ ಬದಲಿ ಕಳಿಸುವ ಅಂದ್ರೆ ಜೂನ್ 1ರಿಂದ ಜುಲೈ 31ರ ತನಕ ಟ್ರಾಲಿಂಗ್ ಬಂದ್, ಬೋಟೆಲ್ಲ ದಕ್ಕೆಯಲ್ಲೇ ಕಟ್ಟಿ ಹಾಕಿದ್ದಾರೆ. ಎರಡು ತಿಂಗಳು ಖರ್ಚು ನಡಿಬೇಕಾದದ್ದೇ ಈ ಕೊನೇ ಲೋಡಿನ ದುಡ್ಡಲ್ಲಿ.

ನನಗೆ ಬೇಕಾದದ್ದು ಇಷ್ಟು. ಕಂಟೇನರಿನ ಕಂಟ್ರೋಲರಿಂದ ಮೇ 14ರಿಂದ 17ರ ತನಕದ ಟೆಂಪರೇಚರ್ ಲಾಗ್ ಡೌನ್‌ಲೋಡ್ ಮಾಡಿ ಕಳಿಸಿ, ಜೆನ್‌ಸೆಟ್ ಎಷ್ಟು ಗಂಟೆಗೆ ನಿಂತದ್ದು ಅಂತ ನಿಮ್ಮ ಲೆಟರ್‌ಹೆಡ್ಡಲ್ಲಿ ಬರೆದು ಕೊಡಿ, ಇನ್ಶೂರೆನ್ಸಿನವರು ಅದಿಲ್ಲದೆ ಫೈಲ್ ಮುಟ್ಟುದಿಲ್ಲ. 38,500ರ ಬಿಲ್ ಕ್ಯಾನ್ಸಲ್ ಮಾಡಿ, ಅದನ್ನು ನಾವು ಕಟ್ಟುದಿಲ್ಲ. 310 ಕಾರ್ಟನಿನ ನಷ್ಟದ ಕ್ಲೇಮ್ ಲೆಟರ್ ಇದರ ಜೊತೆ ಉಂಟು, ಸಿಕ್ಕಿದೆ ಅಂತ ಸೀಲ್ ಹಾಕಿ ವಾಪಸ್ ಕಳಿಸಿ.

ಆಗಸ್ಟಲ್ಲಿ ಬೋಟ್ ಹೋಗ್ಲಿಕ್ಕೆ ಶುರುವಾದ ಕೂಡ್ಲೆ ನಮಗೆ ಪುನಃ ಲೋಡ್ ಉಂಟು. ಜುಲೈ 25ರ ಒಳಗೆ ಲಾಗ್ ಬರದಿದ್ರೆ ಆ ಬುಕಿಂಗ್ ನಿಮಗೆ ಕೊಡುದಿಲ್ಲ, ಕನ್ಸ್ಯೂಮರ್ ಕೋರ್ಟೋ ಸಿವಿಲ್ ಕೋರ್ಟೋ ಅಂತ ನಮ್ಮ ವಕೀಲರು ಹೇಳಿದಲ್ಲಿಗೆ ಹೋಗ್ತೇವೆ.

ಇತಿ,
ಮ್ಯಾನೇಜಿಂಗ್ ಪಾರ್ಟ್‌ನರ್
ಬೈಕಂಪಾಡಿ, ಮಂಗಳೂರು