ನೆಗಡಿ ಔಷಧಿ ಮತ್ತು ಫಿಟ್ಸ್: ಗುಂಪಿನವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಫಿಟ್ಸ್ ಇರುವವರು ಇದನ್ನು ಸ್ವಲ್ಪ ಓದಿ.

ನೆಗಡಿ, ಅಲರ್ಜಿಗೆ ಕೊಡುವ ಕೆಲವು ಹಳೆಯ ಮಾತ್ರೆ, ಸಿರಪ್ ತಗೊಂಡರೆ ಜೋರು ನಿದ್ದೆ ಬರುತ್ತದೆ, ಅಲ್ವಾ? ಕ್ಲೋರ್‌ಫೆನಿರಮಿನ್, ಡೈಫೆನ್‌ಹೈಡ್ರಮಿನ್, ಕೀಟೋಟಿಫೆನ್ ಈ ಜಾತಿಯವು. ನಿದ್ದೆ ಬರುವುದೇ ಅವು ಮಿದುಳಿನೊಳಗೆ ಹೋಗಿ ಹಿಸ್ಟಮಿನ್ ಎಂಬ ರಾಸಾಯನಿಕದ ಕೆಲಸವನ್ನು ತಡೆಯುವುದರಿಂದ. ಆದರೆ ಮಿದುಳಿನಲ್ಲಿ ಹಿಸ್ಟಮಿನ್ ಎಚ್ಚರವಿಡುವುದಷ್ಟೇ ಅಲ್ಲ, ಫಿಟ್ಸ್ ತಡೆಯಲೂ ನೆರವಾಗುತ್ತದೆ ಎಂದು ಪ್ರಾಣಿಗಳ ಮೇಲಿನ ಪ್ರಯೋಗಗಳು ಸೂಚಿಸಿವೆ. ಡೈಫೆನ್‌ಹೈಡ್ರಮಿನ್ ವಿಪರೀತ ಜಾಸ್ತಿಯಾದರೆ ಫಿಟ್ಸ್ ಬರುವುದು ವೈದ್ಯರಿಗೆ ಹಳೆಯ ವಿಷಯ.

2024ರಲ್ಲಿ ದಕ್ಷಿಣ ಕೊರಿಯಾದ ಮಕ್ಕಳ ಮೇಲಿನ ಅಧ್ಯಯನವೊಂದು ಬಂತು. ಹಳೆಯ ಪೀಳಿಗೆಯ ಔಷಧಿ ಬರೆದುಕೊಟ್ಟ ದಿನಗಳಲ್ಲಿ ಫಿಟ್ಸ್ ಸಾಧ್ಯತೆ ಸುಮಾರು 22% ಹೆಚ್ಚಿತ್ತು. ಎರಡು ವರ್ಷದೊಳಗಿನವರಲ್ಲಿ ಇನ್ನೂ ಜಾಸ್ತಿ. ಇದು ನಂಟು ಅಷ್ಟೇ, ಔಷಧಿಯೇ ಕಾರಣ ಅಂತ ಸಾಬೀತಾಗಿಲ್ಲ. ಜ್ವರವೂ ಜೊತೆಗಿರಬಹುದಲ್ಲ!

ಸುಮ್ನೆ ಗಾಬರಿಯಾಗಿ ಫಿಟ್ಸ್ ಮಾತ್ರೆ ಮಾತ್ರ ನಿಲ್ಲಿಸಬೇಡಿ. ನೆಗಡಿ ಸಿರಪ್ ಕೊಳ್ಳುವಾಗ ಫಿಟ್ಸ್ ಇದೆ ಎಂದು ಮೊದಲೇ ಹೇಳಿ. ಫೆಕ್ಸೋಫೆನಡಿನ್‌ನಂಥ ಹೊಸ ಔಷಧಿ ಮಿದುಳಿಗೆ ಹೋಗುವುದು ತೀರಾ ಕಡಿಮೆ. ಅದು ಹೊಂದುತ್ತದೆಯೇ ಎಂದು ನಿಮ್ಮ ಡಾಕ್ಟರನ್ನೇ ಕೇಳಿ.